ಸೈಲೆನ್ಸರ್ ಬದಲಿಸಿದ ಮೇಲೆ ಘಟ್ಟ ಇಳಿಯುವಾಗ ಪಟಪಟ: ಪೆಟ್ರೋಲ್ ಸಾಲದೋ, ಗಾಳಿ ಸೋರುತ್ತಿದೆಯೋ?

ಪ್ರಶ್ನೆ: ನಮಸ್ಕಾರ ಸರ್. ನನ್ನದು 2021ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬೈಕ್, 411 ಸಿಸಿ, ಬಿಎಸ್6. ಕೆಲಸ ಕುಮಟಾದಲ್ಲಿ, ಮನೆ ಶಿರಸಿ ಹತ್ತಿರ. ವಾರಕ್ಕೊಮ್ಮೆ ದೇವಿಮನೆ ಘಟ್ಟ ಹತ್ತಿ ಇಳಿಯುತ್ತೇನೆ. ದೀಪಾವಳಿ ಹೊತ್ತಿಗೆ ಹೊಗೆಗೆ ಅಡ್ಡಿ ಕಡಿಮೆ ಇರುವ, ಹೊರಗಿನ ಫ್ರೀ ಫ್ಲೋ ಸೈಲೆನ್ಸರ್ ಹಾಕಿಸಿದೆ. ಎಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ಬೆಂಡ್ ಪೈಪ್ ಕಂಪನಿಯದೇ ಇದೆ. ಸದ್ದು ಚೆನ್ನಾಗಿರಲಿ ಅಂತ, ಸೈಲೆನ್ಸರಿನ ಬಾಯಲ್ಲಿ ಸದ್ದು ತಗ್ಗಿಸುವ ಡಿಬಿ ಕಿಲ್ಲರ್ ನಾನೇ ತೆಗೆದೆ. ಒಂದು ವಾರ ಖುಷಿಯಾಗಿತ್ತು. ಆಮೇಲೆ ಘಟ್ಟ ಇಳಿಯುವಾಗ ಎಕ್ಸಲೇಟರ್ ಬಿಟ್ಟರೆ ಪಟಪಟ ಸಿಡಿಯಲು ಶುರುವಾಯಿತು. 2,500ರಿಂದ 3,000 ಆರ್‌ಪಿಎಂ ನಡುವೆ ಗಾಡಿ ಒಂದು ಕ್ಷಣ ಸತ್ತ ಹಾಗಾಗುತ್ತದೆ. ಫಿಟ್ ಮಾಡಿದವರು "ಗಾಡಿ ಲೀನ್ ಆಗಿದೆ, ಗಾಳಿಗೆ ತಕ್ಕಷ್ಟು ಪೆಟ್ರೋಲ್ ಹೋಗುತ್ತಿಲ್ಲ" ಎಂದು ಆಕ್ಸಿಜನ್ ಸೆನ್ಸರಿನ ಕನೆಕ್ಟರ್ ಕಳಚಿ, ಅಲ್ಲಿಗೆ ಒಂದು ರೆಸಿಸ್ಟರ್ ಹಾಕಿಕೊಟ್ಟರು. ಏರ್ ಫಿಲ್ಟರನ್ನೂ ಎಣ್ಣೆ ಹಚ್ಚುವ ಕಾಟನ್ ಫಿಲ್ಟರಿಗೆ ಬದಲಿಸಿದರು. ಪಟಪಟ ಸ್ವಲ್ಪ ಕಡಿಮೆಯಾಯಿತು, ನಿಂತಿಲ್ಲ. ಲೀಟರಿಗೆ 30 ಕೊಡುತ್ತಿದ್ದದ್ದು 24ಕ್ಕೆ ಇಳಿದಿದೆ. ಹೊಸ ಸೈಲೆನ್ಸರಿನ ಪೈಪ್ ನೀಲಿ ಬಣ್ಣಕ್ಕೆ ತಿರುಗಿದೆ. ಒಬ್ಬ ಗೆಳೆಯ "ಬ್ಯಾಕ್ ಪ್ರೆಶರ್ ಹೋಯಿತು, ವಾಲ್ವ್ ಸುಡುತ್ತದೆ" ಎನ್ನುತ್ತಾನೆ. ಇನ್ನೊಬ್ಬ "20 ಸಾವಿರ ಕೊಟ್ಟು ಪಿಗ್ಗಿಬ್ಯಾಕ್ (ಪೆಟ್ರೋಲ್ ಹೆಚ್ಚು ಕಡಿಮೆ ಮಾಡುವ ಡಬ್ಬಿ) ಹಾಕಿಸು, ಎಲ್ಲ ಸರಿಯಾಗುತ್ತದೆ" ಎನ್ನುತ್ತಾನೆ. ಸೈಲೆನ್ಸರ್ ತೆಗೆಯುವ ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಓದಿ ಮೊದಲು ಲೆಕ್ಕ ಹಾಕಿದ್ದು ಇಷ್ಟು. ಗಾಡಿಯಲ್ಲಿ ನಾಲ್ಕು ಬದಲಾವಣೆ ಆಗಿದೆ. ಸೈಲೆನ್ಸರ್, ಡಿಬಿ ಕಿಲ್ಲರ್, ಸೆನ್ಸರ್, ಫಿಲ್ಟರ್. ತೊಂದರೆ ಮೂರು. ಪಟಪಟ, ನಡುವೆ ಸಾಯುವುದು, ಮೈಲೇಜ್. ಯಾವ ಬದಲಾವಣೆಯಿಂದ ಯಾವ ತೊಂದರೆ ಬಂತು ಅಂತ ಯಾರೂ ನೋಡಿಲ್ಲ. ಒಂದರ ಮೇಲೊಂದು ಮದ್ದು ಹಾಕುತ್ತಾ ಹೋಗಿದ್ದಾರೆ. ಈಗ ಐದನೆಯದಾಗಿ ಪಿಗ್ಗಿಬ್ಯಾಕ್ ಹಾಕಿದರೆ ಗೋಜಲು ಇನ್ನೂ ಜಾಸ್ತಿಯಾಗುತ್ತದೆ, ಅಷ್ಟೆ. ಆದ್ದರಿಂದ 20 ಸಾವಿರ ಸದ್ಯಕ್ಕೆ ಕಿಸೆಯಲ್ಲೇ ಇರಲಿ.

ನಿಮ್ಮ ಚಿಂತೆ ಏನೆಂದು ಅರ್ಥವಾಗುತ್ತದೆ. ಎಂಜಿನ್ನಿಗೆ ಪೆಟ್ರೋಲ್ ಸಾಲುತ್ತಿಲ್ಲ, ಒಳಗೆ ಏನೋ ಸುಡುತ್ತಿದೆ ಎಂಬ ಹೆದರಿಕೆ. ಆದರೆ ಮೈಲೇಜ್ 30ರಿಂದ 24ಕ್ಕೆ ಇಳಿದಿದೆ ಅಂದರೆ ಪೆಟ್ರೋಲ್ ಎಲ್ಲೋ ಜಾಸ್ತಿಯೇ ಹೋಗುತ್ತಿದೆ, ಅಲ್ವಾ? ಇವೆರಡೂ ಒಟ್ಟಿಗೆ ಹೇಗೆ? ಅಲ್ಲಿಂದಲೇ ಶುರು ಮಾಡೋಣ.

ಪಟಪಟ ಸದ್ದು ಬರುವುದು ಎಂಜಿನ್ ಒಳಗಲ್ಲ, ಪೈಪಿನ ಒಳಗೆ. ನೀವು ಎಕ್ಸಲೇಟರ್ ಬಿಟ್ಟಾಗ ಗಾಳಿಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಸಿಲಿಂಡರಿನಲ್ಲಿ ಮಿಕ್ಸ್ಚರ್ ತೀರಾ ತೆಳುವಾಗಿ ಸರಿಯಾಗಿ ಹೊತ್ತಿಕೊಳ್ಳುವುದಿಲ್ಲ. ಉರಿಯದೆ ಉಳಿದ ಚೂರು ಪೆಟ್ರೋಲ್ ಬಿಸಿ ಪೈಪಿಗೆ ಹೋಗುತ್ತದೆ. ಅಲ್ಲಿ ಒಂದಿಷ್ಟು ಹೊಸ ಗಾಳಿ ಸಿಕ್ಕಿತೆಂದರೆ ಪಟ್ ಅಂತ ಹೊತ್ತಿಕೊಳ್ಳುತ್ತದೆ. ಈಗ ಪ್ರಶ್ನೆ, ಆ ಹೊಸ ಗಾಳಿ ಎಲ್ಲಿಂದ ಬಂತು?

ನಾನು ನೋಡಿದ ಗಾಡಿಗಳಲ್ಲಿ ಹೆಚ್ಚಿನ ಸಲ ಅದು ಬಂದದ್ದು ಜಾಯಿಂಟಿನಿಂದ. ಸೈಲೆನ್ಸರಿನಲ್ಲಿ ಹೊಗೆ ಒಂದೇ ಸಮನೆ ಹೊರಗೆ ಹೋಗುತ್ತಿರುತ್ತದೆ ಅಂದುಕೊಳ್ಳುತ್ತೇವೆ. ಹಾಗಲ್ಲ. ಒಂದು ಸಿಲಿಂಡರಿನ ಗಾಡಿಯಲ್ಲಿ ಹೊಗೆ ಗುದ್ದು ಗುದ್ದಾಗಿ ಹೋಗುತ್ತದೆ. ಒಂದು ಗುದ್ದು ಹೋದ ಹಿಂದೆಯೇ ಪೈಪಿನೊಳಗೆ ಒತ್ತಡ ಹೊರಗಿಗಿಂತ ಕಡಿಮೆಯಾಗುತ್ತದೆ. ಆಗ ಜಾಯಿಂಟಿನಲ್ಲಿ ಕೂದಲೆಳೆಯಷ್ಟು ಸಂದು ಇದ್ದರೂ ಅದು ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಘಟ್ಟ ಇಳಿಯುವಾಗ ಹತ್ತಾರು ನಿಮಿಷ ಇದೇ ಆಟ ನಡೆಯುತ್ತದೆ. ಸಪಾಟು ಹೈವೇಯಲ್ಲಿ ಎರಡು ಸಲ ಕೇಳುವ ಸದ್ದು ದೇವಿಮನೆಯಲ್ಲಿ ಇನ್ನೂರು ಸಲ ಕೇಳುವುದು ಅದಕ್ಕೇ.

ಹೋದ ಮಳೆಗಾಲ ಅಂಕೋಲಾ ಕಡೆಯ ಒಬ್ಬ ಹುಡುಗ ಇದೇ ದೂರು ತಂದಿದ್ದ. ಅವನ ಗಾಡಿಗೆ ಪಿಗ್ಗಿಬ್ಯಾಕ್ ಆಗಲೇ ಬಂದು ಕೂತಿತ್ತು. ಮೂರು ಸಲ ಮ್ಯಾಪ್, ಅಂದರೆ ಎಲ್ಲಿ ಎಷ್ಟು ಪೆಟ್ರೋಲ್ ಎನ್ನುವ ಪಟ್ಟಿ, ಬದಲಿಸಿದ್ದ. ನಾನು ಬೆಳಿಗ್ಗೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ, ಪಾತ್ರೆ ತೊಳೆಯುವ ಸೋಪಿನ ನೀರನ್ನು ಬೆಂಡ್ ಪೈಪ್ ಮತ್ತು ಸೈಲೆನ್ಸರ್ ಸೇರುವ ಕಡೆ ಹೊಡೆದೆ. ಹಿಂದೆ ಹುಡುಗನಿಗೆ ಒದ್ದೆ ಬಟ್ಟೆಯ ಉಂಡೆ ಕೊಟ್ಟು, ಸೈಲೆನ್ಸರಿನ ಬಾಯಿಗೆ ಎರಡು ಸೆಕೆಂಡ್ ಒತ್ತಿ ಹಿಡಿ ಎಂದೆ. ಸರಿಯಾಗಿ ಕೂತ ಪೈಪಾದರೆ ಎಂಜಿನ್ ಉಸಿರುಗಟ್ಟಿ ಮುಗ್ಗರಿಸಬೇಕು. ಇದು ಆರಾಮಾಗಿ ಓಡುತ್ತಲೇ ಇತ್ತು. ಕ್ಲ್ಯಾಂಪಿನ ಕೆಳಗಡೆ ನೊರೆ ಬುಸುಬುಸು ಉಕ್ಕಿತು. ಕ್ಲ್ಯಾಂಪ್ ಕಳಚಿ ನೋಡಿದರೆ ಒಳಗಿನ ಗ್ಯಾಸ್ಕೆಟ್ ಹಳೆಯದೇ. ಒಂದು ಬದಿ ಪುಡಿಯಾಗಿ, ಪೈಪಿನ ಮೇಲೆ ಕಡ್ಡಿಯಿಂದ ಗೆರೆ ಎಳೆದ ಹಾಗೆ ಕಪ್ಪು ಮಸಿ. ಹೊಸ ಗ್ಯಾಸ್ಕೆಟ್ ಹಾಕಿ, ತುಕ್ಕು ಹಿಡಿದ ಬೋಲ್ಟ್ ಬದಲಿಸಿ ಕಳಿಸಿದೆ. ಪಟಪಟ ಪೂರ್ತಿ ಹೋಗಲಿಲ್ಲ. ಮುಕ್ಕಾಲು ಪಾಲು ಹೋಯಿತು.

ಉಳಿದ ಕಾಲು ಪಾಲಿನ ಬಗ್ಗೆಯೂ ಹೇಳಿಬಿಡುತ್ತೇನೆ. ಅಷ್ಟು ಸದ್ದು ಕಂಪನಿ ಸೈಲೆನ್ಸರ್ ಇದ್ದಾಗಲೂ ಇತ್ತು. ಒಳಗಿನ ಗೋಡೆಗಳು ಅದನ್ನು ನುಂಗಿಕೊಳ್ಳುತ್ತಿದ್ದವು, ನಿಮಗೆ ಕೇಳುತ್ತಿರಲಿಲ್ಲ. ಡಿಬಿ ಕಿಲ್ಲರ್ ತೆಗೆದ ಮೇಲೆ ಕೇಳುತ್ತಿದೆ. ಎಕ್ಸಲೇಟರ್ ಬಿಟ್ಟಾಗ ಬರುವ ಮೆತ್ತನೆಯ ಗುಡುಗುಡು ಎಂಜಿನ್ನಿಗೆ ಏನೂ ಮಾಡುವುದಿಲ್ಲ. ಬಂದೂಕು ಹೊಡೆದ ಹಾಗೆ ಕೇಳಿದರೆ, ಅಥವಾ ಎಕ್ಸಲೇಟರ್ ಕೊಟ್ಟು ಹತ್ತಿಸುವಾಗ ಸಿಡಿದರೆ ಮಾತು ಬೇರೆ. ಆಗ ತಡಮಾಡದೆ ತೋರಿಸಬೇಕು.

ಇನ್ನು ಬ್ಯಾಕ್ ಪ್ರೆಶರ್ ಕಥೆ. ಇದು ನಾನು ಕೆಲಸ ಕಲಿಯುವಾಗಲೇ ಕೇಳಿದ್ದು. ಗ್ಯಾರೇಜಿನಿಂದ ಗ್ಯಾರೇಜಿಗೆ ಹೋಗುತ್ತಲೇ ಇದೆ. ಎಂಜಿನ್ನಿಗೆ ಹಿಂದಿನಿಂದ ಒತ್ತಡ ಬೇಕು ಎಂಬುದು ಸುಳ್ಳು. ಹೊಗೆ ಹೊರಹೋಗಲು ಅಡ್ಡಿ ಇದ್ದಷ್ಟೂ ಎಂಜಿನ್ ತನ್ನ ಶಕ್ತಿಯನ್ನೇ ಖರ್ಚು ಮಾಡಿ ಅದನ್ನು ತಳ್ಳಬೇಕು. ಹಾಗಾದರೆ ದೊಡ್ಡ ಪೈಪ್ ಹಾಕಿದ ಕೂಡಲೇ ಕೆಳಗಿನ ಪಿಕಪ್ ಸಾಯುವುದು ನಿಜವಲ್ಲವೇ? ನಿಜ. ಕಾರಣ ಬೇರೆ.

ಬಾವಿಗೆ ಕೊಡ ಬಿಟ್ಟಾಗ ಎದ್ದ ಅಲೆ ಗೋಡೆಗೆ ಬಡಿದು ವಾಪಸ್ ಬರುತ್ತದಲ್ಲ, ಹಾಗೆ ಪೈಪಿನಲ್ಲೂ ಪ್ರತಿ ಗುದ್ದಿನ ಅಲೆ ತುದಿಗೆ ಹೋಗಿ ತಿರುಗಿ ಬರುತ್ತದೆ. ತಿರುಗಿ ಬರುವಾಗ ಅದು ಎಳೆಯುವ ಅಲೆಯಾಗಿರುತ್ತದೆ. ಗಾಳಿ ಒಳಬರುವ ವಾಲ್ವ್ ಮತ್ತು ಹೊಗೆಯ ವಾಲ್ವ್ ಎರಡೂ ಒಂದು ಗಳಿಗೆ ಒಟ್ಟಿಗೆ ತೆರೆದಿರುತ್ತವೆ. ಸರಿಯಾಗಿ ಆ ಹೊತ್ತಿಗೆ ಈ ಅಲೆ ಬಂದು ತಲುಪಿದರೆ, ಉಳಿದ ಹೊಗೆಯನ್ನು ಹೊರಗೆಳೆದು ಹೊಸ ಮಿಕ್ಸ್ಚರನ್ನು ಒಳಗೆ ಕರೆಯುತ್ತದೆ. ಹೊತ್ತು ತಪ್ಪಿ ಬಂದರೆ ಉಲ್ಟಾ. ಪೈಪಿನ ಉದ್ದ, ದಪ್ಪ, ಸೈಲೆನ್ಸರಿನ ಒಳರಚನೆ ಬದಲಾದರೆ ಅಲೆ ಯಾವ ಆರ್‌ಪಿಎಂನಲ್ಲಿ ಸರಿಹೊತ್ತಿಗೆ ಬರುತ್ತದೆ ಎನ್ನುವುದೂ ಬದಲಾಗುತ್ತದೆ. ಪೈಪ್ ಜಾಸ್ತಿ ದಪ್ಪವಾದರೆ ಕಡಿಮೆ ಆರ್‌ಪಿಎಂನಲ್ಲಿ ಹೊಗೆಯ ಓಟವೇ ನಿಧಾನವಾಗುತ್ತದೆ. ನಿಮ್ಮ ಗಾಡಿಯ ಟಾರ್ಕ್ 32 ಎನ್‌ಎಂ, ಅದು ಸಿಗುವುದು 4,000–4,500 ಆರ್‌ಪಿಎಂ ಹತ್ತಿರ. ಕಂಪನಿಯವರು ಪೈಪು, ಸೈಲೆನ್ಸರು, ವಾಲ್ವ್ ತೆರೆಯುವ ಕ್ಯಾಮ್ ಎಲ್ಲವನ್ನೂ ಹೊಂದಿಸಿರುವುದು ಅದಕ್ಕೆ. ಡಿಬಿ ಕಿಲ್ಲರ್ ಕಿತ್ತಾಗ ನೀವು ಸದ್ದನ್ನು ಮಾತ್ರ ಬದಲಿಸಲಿಲ್ಲ, ಈ ಅಲೆಯ ಲೆಕ್ಕವನ್ನೂ ಬದಲಿಸಿದಿರಿ.

ಇದನ್ನು ಇಷ್ಟುದ್ದ ಹೇಳಿದ್ದು ಯಾಕೆಂದರೆ, 2,500–3,000ದಲ್ಲಿ ಗಾಡಿ ಸಾಯುವುದು ಪೆಟ್ರೋಲ್ ಸಾಲದೆಯೋ ಅಥವಾ ಅಲೆಯ ಹೊತ್ತು ತಪ್ಪಿಯೋ ಎಂದು ಮೊದಲು ಗೊತ್ತಾಗಬೇಕು. ಅಲೆಯಿಂದ ಆದ ಹಳ್ಳವನ್ನು, ಅಂದರೆ ಶಕ್ತಿ ಕುಸಿಯುವ ಆ ಜಾಗವನ್ನು, ಯಾವ ಮ್ಯಾಪೂ ತುಂಬುವುದಿಲ್ಲ. ಎಷ್ಟು ಪೆಟ್ರೋಲ್ ಸುರಿದರೂ ಅಷ್ಟೇ.

ಗುರುತಿಸಲು ಒಂದು ಸುಲಭದ ದಾರಿ ಇದೆ. ಎಂಜಿನ್ ತಣ್ಣಗಿರುವಾಗ ಇಸಿಯು, ಅಂದರೆ ಗಾಡಿಯ ಕಂಪ್ಯೂಟರ್, ತಾನಾಗಿಯೇ ಪೆಟ್ರೋಲ್ ಸ್ವಲ್ಪ ಜಾಸ್ತಿ ಕೊಡುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷದೊಳಗೆ, ಹದವಾಗಿ, ಆ 2,500–3,000ದ ಜಾಗ ದಾಟಿಸಿ ನೋಡಿ. ಆಗ ಹಳ್ಳ ಇಲ್ಲ, ಬಿಸಿಯಾದ ಮೇಲೆ ಬರುತ್ತದೆ ಅಂದರೆ ಅದು ಪೆಟ್ರೋಲಿನ ವಿಷಯ. ತಣ್ಣಗಿದ್ದಾಗಲೂ ಬಿಸಿಯಾದಾಗಲೂ ಒಂದೇ ಥರ ಇದ್ದರೆ ಡಿಬಿ ಕಿಲ್ಲರ್ ವಾಪಸ್ ಹಾಕಿ ನೋಡಿ. ಹಳೆ ಕಾರ್ಬುರೇಟರ್ ಗಾಡಿಯವರು ಚೋಕ್ ಅರ್ಧ ಎಳೆದು ಇದೇ ಪರೀಕ್ಷೆ ಮಾಡುತ್ತಿದ್ದರು. ನೂರು ಪ್ರತಿಶತ ಪಕ್ಕಾ ಪರೀಕ್ಷೆ ಅಂತ ಹೇಳುವುದಿಲ್ಲ. ಆದರೆ ಇದಕ್ಕೆ ಖರ್ಚಿಲ್ಲ, ಬಹುತೇಕ ಸಲ ದಾರಿ ತೋರಿಸುತ್ತದೆ.

ಈಗ ಸೆನ್ಸರಿನ ವಿಷಯ. ನಿಮ್ಮ ಗಾಡಿಗೆ ಮಾಡಿದ ಕೆಲಸಗಳಲ್ಲಿ ನನಗೆ ಬೇಜಾರಾದದ್ದು ಇದೊಂದೇ.

ಬೆಂಡ್ ಪೈಪಿನಲ್ಲಿರುವ ಆ ಚಿಕ್ಕ ಸೆನ್ಸರ್ ಹೊಗೆಯಲ್ಲಿ ಆಮ್ಲಜನಕ ಉಳಿದಿದೆಯೋ ಇಲ್ಲವೋ ಎಂದು ಮೂಸಿ ನೋಡುತ್ತದೆ. ಉಳಿದಿದ್ದರೆ, ಅಂದರೆ ಮಿಕ್ಸ್ಚರ್ ತೆಳುವಾಗಿದ್ದರೆ, 0.1 ವೋಲ್ಟ್ ಹತ್ತಿರ ತೋರಿಸುತ್ತದೆ. ಉಳಿಯದಿದ್ದರೆ 0.9 ಹತ್ತಿರ. ನಡುವಿನ 0.45ರ ಆಚೆ ಈಚೆ ತೂಗುತ್ತಾ ಇರುತ್ತದೆ. ಇದನ್ನು ನೋಡಿಕೊಂಡು ಇಸಿಯು ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುತ್ತದೆ. ನಿಧಾನವಾಗಿ, ಒಂದೇ ಹದದಲ್ಲಿ ಓಡಿಸುವಾಗೆಲ್ಲ ನಡೆಯುವುದು ಹೀಗೇ. ಸೈಲೆನ್ಸರ್ ಬದಲಾಗಿ ಎಂಜಿನ್ ಒಂದಿಷ್ಟು ಗಾಳಿ ಜಾಸ್ತಿ ಕುಡಿಯುತ್ತಿದ್ದರೆ ಅದನ್ನು ಇಸಿಯು ತಾನೇ ಕಂಡುಕೊಂಡು ಪೆಟ್ರೋಲ್ ಹೆಚ್ಚಿಸುತ್ತದೆ, ನೆನಪಿಟ್ಟುಕೊಳ್ಳುತ್ತದೆ ಕೂಡ. ಬೆಂಡ್ ಪೈಪ್ ಮುಟ್ಟದೆ ಸೈಲೆನ್ಸರ್ ಮಾತ್ರ ಬದಲಿಸಿದವರಿಗೆ ದಿನದ ಓಡಾಟದಲ್ಲಿ ಇಷ್ಟೇ ಸಾಕಾಗುತ್ತದೆ.

ರೆಸಿಸ್ಟರ್ ಹಾಕಿದಾಗ ಏನಾಯಿತು? ಚೆಕ್ ಲೈಟ್ ಬರಲಿಲ್ಲ, ಅಷ್ಟೆ. ಇಸಿಯುಗೆ ಮೂಗು ಇಲ್ಲವಾಯಿತು. ಅದು ಈಗ ಬಾಯಿಪಾಠ ಮಾಡಿಕೊಂಡ ಲೆಕ್ಕದ ಮೇಲೆ ಪೆಟ್ರೋಲ್ ಕೊಡುತ್ತಿದೆ. ಆ ಲೆಕ್ಕ ಸಾಮಾನ್ಯವಾಗಿ ಸ್ವಲ್ಪ ಧಾರಾಳದ್ದೇ. ಪಟಪಟ ಕೊಂಚ ಕಡಿಮೆಯಾದದ್ದು, ಮೈಲೇಜ್ ಬಿದ್ದದ್ದು ಎರಡಕ್ಕೂ ಇದೇ ಕಾರಣ ಇರಬೇಕು. ಲೀನ್ ಗಾಡಿಗೆ ಹೆದರಿ ರಿಚ್, ಅಂದರೆ ಪೆಟ್ರೋಲ್ ಜಾಸ್ತಿ, ಮಾಡಿಕೊಂಡಿರಿ. ರಿಚ್ ಆದರೆ ಎಂಜಿನ್ ತಂಪಾಗಿರುತ್ತದೆ, ಒಳ್ಳೆಯದೇ ಅಲ್ವಾ ಎಂದು ಕೇಳುವವರಿದ್ದಾರೆ. ಜಾಸ್ತಿಯಾದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಕೊಂಡು ಕೆಳಗೆ ಇಳಿಯುತ್ತದೆ. ಆಯಿಲ್ ತೆಳುವಾಗುತ್ತದೆ. ಪ್ಲಗ್ಗಿಗೆ ಮಸಿ ಹಿಡಿಯುತ್ತದೆ. ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೋಗಿ ಉರಿದು ಅದನ್ನೇ ಹಾಳು ಮಾಡುತ್ತದೆ. ಆಯಿಲ್ ತುಂಬುವ ಮುಚ್ಚಳ ತೆಗೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಗಮ್ಮೆಂದರೆ ಮೊದಲು ಆಯಿಲ್ ಬದಲಿಸಿ.

ಇನ್ನೊಂದು ಕಾರಣಕ್ಕೂ ಈಗ ಸೆನ್ಸರ್ ಬೇಕೇ ಬೇಕು. ಶುದ್ಧ ಪೆಟ್ರೋಲ್ 1 ಪಾಲು ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಎಥನಾಲ್ ತನ್ನೊಳಗೇ ಆಮ್ಲಜನಕ ಇಟ್ಟುಕೊಂಡಿರುತ್ತದೆ, ಅದಕ್ಕೆ 9 ಪಾಲು ಸಾಕು. ನೂರಕ್ಕೆ ಹತ್ತು ಎಥನಾಲ್ ಬೆರೆಸಿದ ಇ10 ಪೆಟ್ರೋಲಿಗೆ ಈ ಲೆಕ್ಕ 14.1ರ ಹತ್ತಿರ. ಇಪ್ಪತ್ತು ಬೆರೆಸಿದ ಇ20ಗೆ 13.5ರ ಹತ್ತಿರ. ಇ20 ಪೆಟ್ರೋಲ್ ಬೆಂಗಳೂರಿನಲ್ಲಿ 2023ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು. ನಿಮ್ಮ ಗಾಡಿ ಅದಕ್ಕೂ ಮೊದಲಿನದು. ಅದೇ ಬಾಯಿಪಾಠದ ಲೆಕ್ಕದಲ್ಲಿ ಇ20 ಸುರಿದರೆ ಮಿಕ್ಸ್ಚರ್ ನೂರಕ್ಕೆ ನಾಲ್ಕರಷ್ಟು ತೆಳುವಾಗುತ್ತದೆ. ಸೆನ್ಸರ್ ಇದ್ದರೆ ಅದನ್ನೂ ಹಿಡಿದು ಸರಿಮಾಡುತ್ತದೆ. ಅಂದ ಹಾಗೆ, ಎಥನಾಲಿನಲ್ಲಿ ಕಸುವು ಪೆಟ್ರೋಲಿಗಿಂತ ಕಡಿಮೆ. ನಿಮ್ಮ ಮೈಲೇಜಿನಲ್ಲಿ ಒಂದಿಷ್ಟು ಅದರ ಪಾಲೂ ಇರಬಹುದು. 30ರಿಂದ 24ಕ್ಕೆ ಬಿದ್ದ ಪೂರ್ತಿ ಹೊರೆಯನ್ನು ಮಾತ್ರ ಅದರ ತಲೆಗೆ ಕಟ್ಟಲಾಗುವುದಿಲ್ಲ.

ಸೆನ್ಸರಿಗೂ ಒಂದು ದೌರ್ಬಲ್ಯ ಇದೆ. ಹೆಡ್ಡಿನ ಹತ್ತಿರ, ಸೆನ್ಸರಿಗಿಂತ ಮುಂಚೆ ಗಾಳಿ ಸೋರಿದರೆ ಆ ಗಾಳಿಯನ್ನು ಮೂಸಿ ಅದು "ತೆಳು, ತೆಳು" ಎಂದು ಕೂಗುತ್ತದೆ. ಇಸಿಯು ನಂಬಿ ಪೆಟ್ರೋಲ್ ಸುರಿಯುತ್ತದೆ. ಸೈಲೆನ್ಸರ್ ಬದಲಿಸುವಾಗ ಹಳೆಯದನ್ನು ಅಲ್ಲಾಡಿಸಿ ಎಳೆಯುತ್ತಾರೆ. ಆ ಎಳೆತಕ್ಕೆ ಹೆಡ್ಡಿನಲ್ಲಿ ಕೂತ ಬೆಂಡ್ ಪೈಪಿನ ಗ್ಯಾಸ್ಕೆಟ್ ಸಡಿಲವಾಗುವುದು ಅಪರೂಪವಲ್ಲ. ಆದ್ದರಿಂದ ಸೋಪಿನ ನೀರನ್ನು ಅಲ್ಲಿಗೂ ಹೊಡೆಯಬೇಕು. ಒಂದು ಸಲ ಅದುಮಿದ ಗ್ಯಾಸ್ಕೆಟ್ ಮತ್ತೆ ಸರಿಯಾಗಿ ಕೂರುವುದಿಲ್ಲ. ಬಿಚ್ಚಿದರೆ ಹೊಸದನ್ನೇ ಹಾಕಿ.

ಪೈಪ್ ನೀಲಿಯಾದದ್ದಕ್ಕೆ ಹೆದರಬೇಡಿ. ಸ್ಟೇನ್‌ಲೆಸ್ ಸ್ಟೀಲ್ ಬಿಸಿಯಾದಂತೆ ಮೊದಲು ಹೊನ್ನಿನ ಬಣ್ಣ, ಆಮೇಲೆ ಕಂದು, ನೇರಳೆ, ನೀಲಿ ಹೀಗೆ ತಿರುಗುತ್ತದೆ. ಒಂಟಿ ಪದರದ ಪೈಪಿನಲ್ಲಿ ಅದು ಮೇಲೇ ಕಾಣುತ್ತದೆ. ಎರಡು ಪದರದ ಪೈಪಾದರೆ ಒಳಗಿನದು ನೀಲಿಯಾಗಿದ್ದರೂ ನಮಗೆ ಕಾಣುವುದಿಲ್ಲ. ಎಂಜಿನ್ನಿನ ಆರೋಗ್ಯ ಪೈಪಿನ ಬಣ್ಣದಲ್ಲಿಲ್ಲ, ಪ್ಲಗ್ಗಿನ ಬಣ್ಣದಲ್ಲಿ ನೋಡಿ. ಕಂದು ಅಥವಾ ತಿಳಿ ಬೂದು ಸರಿ. ಕಪ್ಪು ಮಸಿ ರಿಚ್. ಸುಣ್ಣದ ಹಾಗೆ ಬೆಳ್ಳಗಿದ್ದು, ಮೇಲೆ ಚಿಕ್ಕ ಚಿಕ್ಕ ಗುಳ್ಳೆಯಂತಹ ಚುಕ್ಕೆ ಇದ್ದರೆ ಅದು ಗಂಭೀರ.

ಹಾಗಾದರೆ ಲೀನ್ ಆದರೆ ಅಪಾಯವೇ ಇಲ್ಲವೇ? ಇದೆ. ಆದರೆ ನೀವು ಅಂದುಕೊಂಡ ಜಾಗದಲ್ಲಲ್ಲ. ಇಳಿಯುವಾಗ ಎಂಜಿನ್ ಮೇಲೆ ಭಾರವೇ ಇರುವುದಿಲ್ಲ, ಆಗ ತೆಳುವಾದರೆ ಏನೂ ಸುಡುವುದಿಲ್ಲ. ಹತ್ತುವಾಗ ನೋಡಬೇಕು. ಕತಗಾಲ ದಾಟಿ ಘಟ್ಟ ಶುರುವಾದ ಮೇಲೆ, ಹಿಂದೆ ಒಬ್ಬರು, ಬ್ಯಾಗು, ಏಪ್ರಿಲ್ ಬಿಸಿಲು, ಮುಂದೆ ಒಂದು ಲಾರಿ, ಅದನ್ನು ಹಿಂದೆ ಹಾಕಲು ಫುಲ್ ರೇಸ್. ಆಗ ಇಸಿಯು ಸೆನ್ಸರಿನ ಮಾತು ಕೇಳುವುದಿಲ್ಲ, ಮ್ಯಾಪನ್ನೇ ನೋಡುತ್ತದೆ. ಪೂರ್ತಿ ಭಾರದಲ್ಲಿ ಗಾಳಿ 12.5ರಿಂದ 13 ಪಾಲಿನ ಆಸುಪಾಸಿನ ದಪ್ಪ ಮಿಕ್ಸ್ಚರ್ ಬೇಕು. ಅದು ತೆಳುವಾಗಿದ್ದರೆ ಎಂಜಿನ್ನಿನಿಂದ ಡಬ್ಬಿಯಲ್ಲಿ ಹರಳು ಅಲ್ಲಾಡಿಸಿದಂತೆ ಟಿಣಿಟಿಣಿ ಕೇಳುತ್ತದೆ. ನಾಕಿಂಗ್. ಪಿಸ್ಟನ್ನು ವಾಲ್ವುಗಳಿಗೆ ಪೆಟ್ಟು ಬೀಳುವುದು ಇಲ್ಲಿ. ಆ ಸದ್ದು ಕೇಳಿದರೆ ಗೇರ್ ಒಂದು ಇಳಿಸಿ, ಎಕ್ಸಲೇಟರ್ ಸಡಿಲಿಸಿ. ಘಟ್ಟದಲ್ಲಿ ನಾಕಿಂಗ್ ಇಲ್ಲ, ಪ್ಲಗ್ ಬೆಳ್ಳಗಿಲ್ಲ ಎಂದರೆ ನಿಮ್ಮ ಗೆಳೆಯ ಹೇಳಿದ "ವಾಲ್ವ್ ಸುಡುತ್ತದೆ" ಮಾತನ್ನು ಸುಮ್ನೆ ಬಿಟ್ಟುಬಿಡಿ.

ಎತ್ತರದ ಪ್ರಶ್ನೆಯನ್ನೂ ಕೆಲವರು ಕೇಳುತ್ತಾರೆ. ಕುಮಟಾ ಸಮುದ್ರದ ಮಟ್ಟ, ಶಿರಸಿ ಸುಮಾರು 600 ಮೀಟರ್. ಗಾಳಿ ನೂರಕ್ಕೆ ಆರರಷ್ಟು ತೆಳುವಾಗುತ್ತದೆ. ಕಾರ್ಬುರೇಟರ್ ಬುಲೆಟ್ಟಿನಲ್ಲಿ ಮೇಲೆ ಹೋದಾಗ ಮಿಕ್ಸ್ಚರ್ ಕೊಂಚ ದಪ್ಪವಾಗುವುದು ಅದಕ್ಕೆ. ನಿಮ್ಮ ಇಂಜೆಕ್ಷನ್ ಗಾಡಿ ಅದನ್ನು ತಾನೇ ನೋಡಿಕೊಳ್ಳುತ್ತದೆ. ಅದರ ಚಿಂತೆ ಬೇಡ.

ಈಗ ದಾರಿಗಳು. ನಾನಾದರೆ ಮೊದಲು ಹಿಂದಕ್ಕೆ ಹೋಗುತ್ತೇನೆ. ರೆಸಿಸ್ಟರ್ ಕಿತ್ತು ಸೆನ್ಸರ್ ಜೋಡಿಸಿ. ಕಂಪನಿಯ ಏರ್ ಫಿಲ್ಟರ್ ವಾಪಸ್ ಹಾಕಿ. ಕಾಟನ್ ಫಿಲ್ಟರಿನಿಂದ ಈ ಗಾಡಿಗೆ ಸಿಗುವ ಲಾಭ ಕೈಗೆ ಹತ್ತುವಂಥದ್ದಲ್ಲ. ನಮ್ಮ ಕಡೆ ಬೇಸಿಗೆಯ ಕೆಂಪು ಧೂಳು ಅದರೊಳಗೆ ನುಸುಳುತ್ತದೆ, ಮಳೆಗಾಲದಲ್ಲಿ ಒದ್ದೆಯಾದರೆ ಉಸಿರುಗಟ್ಟುತ್ತದೆ. ಡಿಬಿ ಕಿಲ್ಲರ್ ಹಾಕಿ. ಎರಡೂ ಜಾಯಿಂಟಿಗೆ ಹೊಸ ಗ್ಯಾಸ್ಕೆಟ್. ಕ್ಲ್ಯಾಂಪ್ ಬೋಲ್ಟನ್ನು ಒಂದು ಸಲ ಬಿಸಿಯಾಗಿ ತಣಿದ ಮೇಲೆ ಮತ್ತೆ ಬಿಗಿ ಮಾಡಬೇಕು, ಇದನ್ನು ಹೆಚ್ಚಿನವರು ಮರೆಯುತ್ತಾರೆ. ಆಮೇಲೆ ಸ್ಕ್ಯಾನರ್ ಇರುವ ಕಡೆ ಇಸಿಯುವಿನ ಹಳೆ ಕಲಿಕೆ ಅಳಿಸಿ, ಒಂದೆರಡು ವಾರ ಮಾಮೂಲಿನಂತೆ ಓಡಿಸಿ. ಮತ್ತೆ ಸ್ಕ್ಯಾನರ್ ಹಚ್ಚಿ ಲಾಂಗ್ ಟರ್ಮ್ ಟ್ರಿಮ್, ಅಂದರೆ ಇಸಿಯು ಕಲಿತು ಪೆಟ್ರೋಲಿನಲ್ಲಿ ಮಾಡಿಕೊಂಡ ಹೆಚ್ಚು ಕಡಿಮೆ, ನೋಡಿ. ನೂರಕ್ಕೆ ಹತ್ತರ ಒಳಗೆ ಮೇಲೆ ಕೆಳಗೆ ಇದ್ದರೆ ಇಸಿಯು ಹೊಸ ಸೈಲೆನ್ಸರಿಗೆ ಹೊಂದಿಕೊಂಡಿದೆ ಎಂದು ಅರ್ಥ. ಇದಕ್ಕಿಂತ ಮುಂದೆ ಖರ್ಚು ಮಾಡುವ ಅಗತ್ಯ ಹೆಚ್ಚಿನವರಿಗೆ ಬರುವುದಿಲ್ಲ.

ಅಷ್ಟಾದ ಮೇಲೂ ಹಳ್ಳ ಉಳಿದು, ಅದು ಪೆಟ್ರೋಲಿನದೇ ಎಂದು ತಣ್ಣನೆ ಎಂಜಿನ್ ಪರೀಕ್ಷೆಯಲ್ಲಿ ಗೊತ್ತಾದರೆ, ಕಡಿಮೆ ಖರ್ಚಿನದು ಗಾಳಿಯ ಬಿಸಿ ಅಳೆಯುವ ಸೆನ್ಸರಿಗೆ ಸಿಕ್ಕಿಸುವ ಚಿಕ್ಕ ಪ್ಲಗ್. ಬೂಸ್ಟರ್‌ಪ್ಲಗ್ ಎಂಬ ಡೆನ್ಮಾರ್ಕಿನದು ಇದರಲ್ಲಿ ಹೆಸರಾದದ್ದು. ಹೊರಗಿನ ಗಾಳಿ ಇರುವುದಕ್ಕಿಂತ 20 ಡಿಗ್ರಿ ತಂಪಾಗಿದೆ ಎಂದು ಅದು ಇಸಿಯುಗೆ ಸುಳ್ಳು ಹೇಳುತ್ತದೆ. ತಂಪು ಗಾಳಿ ದಟ್ಟ, ಹಾಗಾಗಿ ಇಸಿಯು ಸುಮಾರು ನೂರಕ್ಕೆ ಆರರಷ್ಟು ಪೆಟ್ರೋಲ್ ಜಾಸ್ತಿ ಕೊಡುತ್ತದೆ. ಒಂದೇ ಹದದಲ್ಲಿ ಓಡಿಸುವಾಗ ಆಕ್ಸಿಜನ್ ಸೆನ್ಸರ್ ಈ ಹೆಚ್ಚಳವನ್ನು ಹಿಡಿದು ವಾಪಸ್ ಕಡಿಮೆ ಮಾಡುತ್ತದೆ. ಎಕ್ಸಲೇಟರ್ ತಟ್ಟನೆ ತಿರುಗಿಸಿದಾಗ, ಫುಲ್ ರೇಸಿನಲ್ಲಿ ಮಾತ್ರ ಲಾಭ. ಬೇಕಾದ ಕಡೆ ಬೇಕಾದಷ್ಟು ಅಂತ ಇದರಲ್ಲಿಲ್ಲ, ಎಲ್ಲ ಕಡೆಗೂ ಒಂದೇ ಸೌಟು.

ಪಿಗ್ಗಿಬ್ಯಾಕ್ ಅದಕ್ಕಿಂತ ಮೇಲಿನದು. ಬೆಂಗಳೂರಿನ ರೇಸ್ ಡೈನಾಮಿಕ್ಸ್‌ನವರ ಪವರ್‌ಟ್ರಾನಿಕ್, ಫ್ಯೂಯೆಲ್‌ಎಕ್ಸ್ ನಮ್ಮ ಹುಡುಗರಿಗೆ ಗೊತ್ತಿರುವ ಹೆಸರು. ಆರ್‌ಪಿಎಂ ಮತ್ತು ಎಕ್ಸಲೇಟರ್ ತೆರೆದ ಪ್ರಮಾಣ ನೋಡಿಕೊಂಡು ಎಲ್ಲೆಲ್ಲಿ ಎಷ್ಟು ಪೆಟ್ರೋಲ್ ಎಂದು ಬೇರೆ ಬೇರೆ ಮಾಡಬಹುದು. ಬೆಂಡ್ ಪೈಪ್ ಕೂಡ ಬದಲಿಸಿದವರಿಗೆ, ಕ್ಯಾಮ್ ಹಾಕಿದವರಿಗೆ ಇದು ಬೇಕು. ಆದರೆ ಬೇರೆಯವರ ಗಾಡಿಗೆ ಮಾಡಿದ ಮ್ಯಾಪ್ ಹಾಕಿಕೊಂಡರೆ ಬೇರೆಯವರ ಕನ್ನಡಕ ಹಾಕಿಕೊಂಡ ಹಾಗೆ. ಸರಿಯಾಗಿ ಮಾಡಬೇಕೆಂದರೆ ಬೆಂಡ್ ಪೈಪಿಗೆ 18 ಎಂಎಂ ನಟ್ ವೆಲ್ಡ್ ಮಾಡಿಸಿ, ವೈಡ್‌ಬ್ಯಾಂಡ್ ಸೆನ್ಸರ್ ಕೂರಿಸಿ, ಮಿಕ್ಸ್ಚರ್ ಅಳೆದು ಮ್ಯಾಪ್ ಬರೆಯಬೇಕು. ಸೈಲೆನ್ಸರಿನ ಬಾಯಿಗೆ ಸೆನ್ಸರ್ ತುರುಕಿ ಅಳೆಯುವವರಿದ್ದಾರೆ. ಫ್ರೀ ಫ್ಲೋದಲ್ಲಿ ಹೊರಗಿನ ಗಾಳಿ ಬಾಯಿಂದ ಒಳಗೆ ನುಗ್ಗುವುದರಿಂದ ಐಡಲಿನಲ್ಲಿ ಅದು ಸುಳ್ಳೇ ಲೀನ್ ತೋರಿಸುತ್ತದೆ.

ಕರಾವಳಿಯವರಿಗೆ ಪಿಗ್ಗಿಬ್ಯಾಕಿನ ಇನ್ನೊಂದು ತಾಪತ್ರಯ ಇದೆ, ಅದು ಮಾರುವವರು ಹೇಳುವುದಿಲ್ಲ. ಡಬ್ಬಿ ಬಂತೆಂದರೆ ಅದರ ಜೊತೆಗೆ ನಾಲ್ಕೈದು ಹೊಸ ಕನೆಕ್ಟರ್ ಬರುತ್ತವೆ. ಉಪ್ಪುಗಾಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ಮಳೆ. ಎರಡನೇ ಮಳೆಗಾಲದ ಹೊತ್ತಿಗೆ ಪಿನ್ನುಗಳ ಮೇಲೆ ಹಸಿರು ಕಿಲುಬು. ಗಾಡಿ ಎಲ್ಲೋ ಅರಗಾ ಹತ್ತಿರ ನಿಂತುಬಿಡುತ್ತದೆ, ಪೆಟ್ಟಿಗೆ ಕಿತ್ತು ಹಳೆ ವೈರ್ ಜೋಡಿಸಿದರೆ ಓಡುತ್ತದೆ. ಕಾರವಾರದ ಕಡೆಯಿಂದ ನನಗೆ ಬಂದ ಇಂಥ ಫೋನ್‌ಗಳು ಒಂದೆರಡಲ್ಲ. ಹಾಕಿಸುವುದೇ ಆದರೆ ಪ್ರತಿ ಕನೆಕ್ಟರಿಗೂ ಡೈಎಲೆಕ್ಟ್ರಿಕ್ ಗ್ರೀಸ್ ತುಂಬಿಸಿ, ಕಂಪನಿ ವೈರನ್ನು ಕತ್ತರಿಸದೆ ಹಾಕುವ ಕಿಟ್ ಮಾತ್ರ ತೆಗೆದುಕೊಳ್ಳಿ.

ಇಸಿಯುವನ್ನೇ ರೀಫ್ಲ್ಯಾಷ್ ಮಾಡಿಸುವುದು, ಅಂದರೆ ಅದರೊಳಗಿನ ಮ್ಯಾಪನ್ನೇ ಹೊಸದಾಗಿ ಬರೆಸುವುದು, ಎಲ್ಲಕ್ಕಿಂತ ಅಚ್ಚುಕಟ್ಟು. ಹೊಸ ಡಬ್ಬಿ ಇಲ್ಲ, ಹೊಸ ಕನೆಕ್ಟರ್ ಇಲ್ಲ. ಆದರೆ ಎಂಜಿನ್ ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೆ ನಿಲ್ಲಿಸಿ ಮಾಡಬೇಕಾದ ಕೆಲಸ, ಬೆಂಗಳೂರಿಗೆ ಹೋಗಬೇಕು. ಕೈ ತಪ್ಪಿದರೆ ಇಸಿಯು ಕೆಲಸಕ್ಕೆ ಬಾರದ ಕಲ್ಲಾಗುತ್ತದೆ. ಬರೀ ಸೈಲೆನ್ಸರ್ ಬದಲಿಸಿದ 411ಗೆ ಇಷ್ಟು ಮಾಡಿದರೆ ಒಂದೆರಡು ಬಿಎಚ್‌ಪಿ ಬಂದರೆ ಅದೇ ದೊಡ್ಡದು. ನಿಜವಾದ ಲಾಭ ಸೈಲೆನ್ಸರಿನ ತೂಕ ಇಳಿದದ್ದು. ಅದು ನಿಮಗೆ ಆಗಲೇ ಸಿಕ್ಕಿದೆ.

ಹಳೆ ಕಾರ್ಬುರೇಟರ್ ಬುಲೆಟ್ಟಿನವರಿಗೆ ಎರಡೇ ಮಾತು. ಅಲ್ಲಿ ಸೆನ್ಸರ್ ಇಲ್ಲ, ಜೆಟ್ ಬದಲಿಸಬೇಕು. ಎಕ್ಸಲೇಟರಿನ ಮೊದಲ ಕಾಲು ಭಾಗ ಪೈಲಟ್ ಜೆಟ್ಟಿನದು, ನಡುವಿನದು ಸೂಜಿಯದು, ಕೊನೆಯ ಕಾಲು ಮೇನ್ ಜೆಟ್ಟಿನದು. ಎಲ್ಲಿ ತೊಂದರೆಯೋ ಅದನ್ನಷ್ಟೇ ಮುಟ್ಟಿ. ಒಂದು ಸಲಕ್ಕೆ ಒಂದೇ ಸೈಜ್ ಮೇಲೆ ಹೋಗಿ, ಪ್ಲಗ್ ನೋಡಿ. ಸ್ಲೈಡಿಗೆ ತೂತು ಕೊರೆಯುವ ಸಲಹೆ ಕೊಡುವವರಿಂದ ದೂರ ಇರಿ, ಕೊರೆದ ತೂತನ್ನು ಮುಚ್ಚಲಾಗುವುದಿಲ್ಲ.

ಕಾನೂನಿನ ವಿಷಯವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. 2019ರ ತಿದ್ದುಪಡಿ ಆದ ಮೇಲೆ ಶಬ್ದ ಮತ್ತು ಹೊಗೆ ಮಿತಿ ಮೀರಿದ್ದಕ್ಕೆ 190(2)ರಲ್ಲಿ ದಂಡ 10,000 ರೂಪಾಯಿವರೆಗೂ ಹೋಗಬಹುದು, ಲೈಸೆನ್ಸ್ ಮೂರು ತಿಂಗಳು ಅಮಾನತಾಗಬಹುದು. 175 ಸಿಸಿಗಿಂತ ದೊಡ್ಡ ಗಾಡಿಗೆ ತಯಾರಿಕೆಯ ಹಂತದಲ್ಲೇ ಇಟ್ಟಿರುವ ಮಿತಿ 80 ಡೆಸಿಬಲ್. ಡಿಬಿ ಕಿಲ್ಲರ್ ಇಲ್ಲದ ಫ್ರೀ ಫ್ಲೋ ಅದರೊಳಗೆ ಇರುತ್ತದೆ ಎಂದು ನಾನು ನಂಬುವುದಿಲ್ಲ. ಡಿಬಿ ಕಿಲ್ಲರ್ ಹಾಕಿದರೂ ಎಲ್ಲ ಸೈಲೆನ್ಸರೂ ಕಾನೂನಿನೊಳಗೆ ಬರುತ್ತದೆ ಎಂದಲ್ಲ. ಕಂಪನಿಯ ಸೈಲೆನ್ಸರನ್ನು ಗುಜರಿಗೆ ಹಾಕಬೇಡಿ, ಅಟ್ಟದ ಮೇಲಿಡಿ. ಎಣ್ಣೆ ಹಚ್ಚಿ ಇಡಿ, ಇಲ್ಲದಿದ್ದರೆ ಮಳೆಗಾಲ ಮುಗಿಯುವಷ್ಟರಲ್ಲಿ ತುಕ್ಕು ಹಿಡಿಯುತ್ತದೆ.

ನನ್ನ ಗ್ಯಾರೇಜಿಗೆ ತರುವುದಾದರೆ ಘಟ್ಟ ಇಳಿದು ನೇರ ಬಂದುಬಿಡಬೇಡಿ. ಬಿಸಿ ಪೈಪಿನಲ್ಲಿ ಸಂದುಗಳು ಹಿಗ್ಗಿ ಮುಚ್ಚಿಕೊಂಡಿರುತ್ತವೆ, ಸೋಪಿನ ನೀರು ಬೀಳುವ ಮೊದಲೇ ಆವಿಯಾಗುತ್ತದೆ. ಹಿಂದಿನ ಸಂಜೆಯೇ ಗಾಡಿ ಬಿಟ್ಟು ಹೋಗಿ. ಫಿಟ್ ಮಾಡಿದವರು ತೆಗೆದ ಹಳೆ ಫಿಲ್ಟರ್, ಡಿಬಿ ಕಿಲ್ಲರ್, ಅದರ ಸ್ಕ್ರೂ ಎಲ್ಲ ಒಂದು ಚೀಲದಲ್ಲಿ ಹಾಕಿ ತನ್ನಿ. ಆ ಸ್ಕ್ರೂ ಕಳೆದಿರುತ್ತದೆ, ನನಗೆ ಗೊತ್ತು. ಪರವಾಗಿಲ್ಲ, ನನ್ನ ಹತ್ತಿರ ಒಂದು ಡಬ್ಬಿ ತುಂಬ ಇವೆ.